ಪ್ರಾಸದಾಟಕ್ಕೆ ಬಂದ ಬಟ್ಟೆ

ಶಿಶುವಿಹಾರದ ಕೆಲಸ ಅಂದರೆ ಮಕ್ಕಳನ್ನು ಆಡಿಸಿಕೊಂಡು ಹೊತ್ತು ಕಳೆಯುವುದು ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರನ್ನು ಒಂದು ದಿನ ಮೂವತ್ತು ಮಕ್ಕಳ ನಡುವೆ ಕೂರಿಸಿ ಬಾಗಿಲು ಹಾಕಿಕೊಂಡು ಬನ್ನಿ. ನನಗೆ ಹಾಗೆ ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ಅಪ್ಪ ಹೇಳಿದರು, ಇನ್ಸ್‌ಪೆಕ್ಟರು ಹೇಳಿದರು, ನಿವೃತ್ತಿಯ ದಿನ ನನಗೆ ಹಾರ ಹಾಕಿದ ಮಹನೀಯರೂ ಭಾಷಣದಲ್ಲಿ ನಗುನಗುತ್ತಾ ಅದನ್ನೇ ಹೇಳಿದರು. ಅವತ್ತು ಕೊರಳಲ್ಲಿ ಹಾರವಿತ್ತು, ಸುಮ್ಮನಿದ್ದೆ. ಈಗ ಹಾರವಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ತರಬೇತಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗಾಗಿ ಇದು. ನಾನು ಯಾವಾಗ ಖಾಯಂ ಆದೆ, ಯಾವಾಗ ಹೆಡ್‌ಮಿಸ್ಟ್ರೆಸ್ ಆದೆ ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ತೆಗೆಸಿ ನೋಡಬಹುದು. ಅದರಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನನ್ನ ಹೆಸರು ಗೌರಮ್ಮ. ಊರು ಕೆರಗೋಡು. ಅಪ್ಪ ಭತ್ತ ಕಬ್ಬು ಬೆಳೆಯುವ ರೈತರು. ಆದರೂ ನೆಂಟರ ಬಾಯಿಗೆ ಹೆದರದೆ ನನ್ನನ್ನು ಮೈಸೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಿದರು, ತರಬೇತಿಗೂ ಕಳಿಸಿದರು. ಎರಡನೆಯ ಮಹಾಯುದ್ಧ ಶುರುವಾದ ವರ್ಷ ಮಂಡ್ಯದಲ್ಲಿ ಹೆಂಗಸರ ಸಂಘವೊಂದು ನಡೆಸುತ್ತಿದ್ದ ಶಿಶುವಿಹಾರದಲ್ಲಿ ನನಗೆ ಕೆಲಸ ಸಿಕ್ಕಿತು. ಪಕ್ಕದ ಹಳ್ಳಿ ಗುತ್ತಲಿಗೆ ಹೋಗುವ ದಾರಿಯಲ್ಲಿ ಒಂದು ಹಂಚಿನ ಮನೆ, ಮುಂದೆ ಜಗಲಿ, ಅಂಗಳದಲ್ಲಿ ಹೊಂಗೆ ಮರ. ಸಕ್ಕರೆ ಕಾರ್ಖಾನೆಯಿಂದ ಊರು ದಿನಕ್ಕೊಂದು ಬೀದಿಯಂತೆ ಬೆಳೆಯುತ್ತಿದ್ದ ಕಾಲ. ಗುಮಾಸ್ತರ ಮಕ್ಕಳು, ಅಂಗಡಿಯವರ ಮಕ್ಕಳು, ಗುತ್ತಲಿನ ಒಕ್ಕಲು ಮನೆಗಳ ಮಕ್ಕಳು, ಎಲ್ಲ ಸೇರಿ ಮೂವತ್ತು. ಮೂರು ವರ್ಷದಿಂದ ಐದು ವರ್ಷದವರೆಗಿನವು. ಮಕ್ಕಳ ಮನೆಯವರು ನನ್ನನ್ನು ಮೇಷ್ಟ್ರಮ್ಮ ಎಂದು ಕರೆಯುತ್ತಿದ್ದರು.

ಚಿಕ್ಕ ಮಕ್ಕಳ ಕಿವಿ ಪಳಗಬೇಕಾದರೆ ಅಕ್ಷರಕ್ಕೆ ಮೊದಲು ಪ್ರಾಸಪದ ಕಲಿಸಬೇಕು ಎಂದು ನನ್ನ ತರಬೇತಿಯಲ್ಲಿ ಹೇಳಿದ್ದರು. ನಾನು ಅದನ್ನು ನನ್ನ ಟಿಪ್ಪಣಿಯಲ್ಲಿ ಬರೆದೆ. ಸಂಘದವರು ಆ ಟಿಪ್ಪಣಿಯನ್ನು ಒಬ್ಬ ಪಂಡಿತರಿಗೆ ತೋರಿಸಿದರು. ಪಂಡಿತರಿಗೆ ಪ್ರಾಸ ಎಂಬ ಮಾತು ಕಂಡದ್ದೇ ಹಬ್ಬವಾಯಿತು. ಸಿಂಹಪ್ರಾಸ, ಗಜಪ್ರಾಸ, ವೃಷಭಪ್ರಾಸ, ಅಜಪ್ರಾಸ, ಶರಭಪ್ರಾಸ, ಹಯಪ್ರಾಸ ಎಂದು ಹಳೆಯ ಕಾವ್ಯಗಳನ್ನು ಓದುವವರು ಕಲಿಯುವ ಆರು ಬಗೆಗಳನ್ನೂ ಬರೆದು, ಮೊದಲ ಪಾಠ ತಾವೇ ಮಾಡುವುದಾಗಿ ಹೇಳಿ ಶಾಲು ಹೊದ್ದು ಬಂದರು. ಮೂಗು ಒರೆಸಿಕೊಳ್ಳಲೂ ಬಾರದ ಮಕ್ಕಳ ಮುಂದೆ ಕೂತು ಗಂಟಲು ಸರಿಮಾಡಿಕೊಂಡು ಸಿಂಹಪ್ರಾಸ ಎಂದರು. ಮೂವತ್ತು ಮಕ್ಕಳೂ ಒಟ್ಟಿಗೆ ಗರ್ಜಿಸಿದವು. ಗಜಪ್ರಾಸ ಎಂದಾಗ ಯಾರಿಗೂ ತಿಳಿಯಲಿಲ್ಲ. ಗಜ ಎಂದರೆ ಆನೆ ಎಂದು ಅವರೇ ಬಿಡಿಸಿ ಹೇಳಿದರು. ಎಲ್ಲವೂ ಎದ್ದು ಸೊಂಡಿಲು ಬೀಸತೊಡಗಿದವು, ಒಂದು ಸೊಂಡಿಲು ಪಂಡಿತರ ರುಮಾಲಿಗೆ ತಗುಲಿತು. ಶರಭ ಎಂದರೆ ಯಾವ ಪ್ರಾಣಿ, ಹೇಗೆ ಕೂಗುತ್ತದೆ ಎಂದು ಒಂದು ಮಗು ಕೇಳಿತು. ಅದನ್ನು ಅವರೂ ನೋಡಿರಲಿಲ್ಲ.

ಈ ಮಕ್ಕಳು ಪಾಠಕ್ಕೆ ಯೋಗ್ಯವಲ್ಲ ಎಂದು ಅವರು ಸಂಘಕ್ಕೆ ಬರೆದುಕೊಟ್ಟು ಹೋದರು. ಮಕ್ಕಳು ಯೋಗ್ಯವಲ್ಲವಂತೆ. ಇಷ್ಟು ವರ್ಷವಾದರೂ ಆ ಮಾತು ನೆನೆದರೆ ನನಗೆ ಮೈ ಉರಿಯುತ್ತದೆ. ನಿಮಗೂ ಇಂಥವರು ಸಿಗುತ್ತಾರೆ. ಆಮೇಲೆ ನಾನು ಪ್ರಾಸ ಎಂಬ ಪದವನ್ನೇ ಮಕ್ಕಳ ಮುಂದೆ ಎತ್ತಲಿಲ್ಲ. ನೀವೂ ಎತ್ತಬೇಡಿ. ಅದು ನಿಮಗೆ ತಿಳಿದಿದ್ದರೆ ಸಾಕು, ಮಕ್ಕಳಿಗೆ ಅದರ ಸದ್ದು ಸಿಕ್ಕರೆ ಸಾಕು.

ನಾನು ಮಾಡಿದ್ದು ಇಷ್ಟೆ. ಒಂದು ಪುಟ್ಟ ಮಂಕರಿಯಲ್ಲಿ ಮನೆ ಬೀದಿಯ ಸಾಮಾನುಗಳನ್ನು ಜೊತೆ ಜೊತೆಯಾಗಿ ಹಾಕಿಟ್ಟೆ. ಕಲ್ಲು, ಹುಲ್ಲು. ಬಳೆ, ಮೊಳೆ. ದಾರ, ಹಾರ. ಮಡಿಕೆ, ಕುಡಿಕೆ, ಅಡಿಕೆ. ಒಂದೊಂದು ಮಗುವೂ ಕಣ್ಣು ಮುಚ್ಚಿ ಒಂದೊಂದು ಸಾಮಾನು ತೆಗೆಯಬೇಕು, ಅದರ ಹೆಸರು ಕೂಗುತ್ತಾ ಅಂಗಳದಲ್ಲಿ ಸುತ್ತಬೇಕು, ತನ್ನ ಸಾಮಾನಿನ ಹೆಸರಿನ ಹಾಗೇ ಕೇಳಿಸುವ ಇನ್ನೊಂದು ಹೆಸರು ಯಾರ ಬಾಯಲ್ಲಿದೆಯೋ ಹುಡುಕಬೇಕು.

ಮೊದಲ ವಾರವೇ ನನ್ನ ದಡ್ಡತನ ಬಯಲಾಯಿತು. ಹಣ್ಣು, ಮಣ್ಣು ಒಳ್ಳೆಯ ಜೊತೆ ಎಂದು ಹತ್ತು ಬಾಳೆಹಣ್ಣು ತಂದು ಮಂಕರಿಗೆ ಹಾಕಿದ್ದೆ. ಅವತ್ತೇ ಇನ್ಸ್‌ಪೆಕ್ಟರು ಬಂದರು. ಮಣ್ಣಿನ ಉಂಡೆ ಹಿಡಿದ ಹತ್ತು ಮಕ್ಕಳು ಮಣ್ಣು ಮಣ್ಣು ಎಂದು ಕೂಗುತ್ತಾ ಅಂಗಳವೆಲ್ಲ ಸುತ್ತಿದವು, ಹಣ್ಣಿನ ಕಡೆಯಿಂದ ಸದ್ದೇ ಇಲ್ಲ. ಬಾಯಿ ತುಂಬಿದ್ದರೆ ಸದ್ದು ಎಲ್ಲಿಂದ ಬರಬೇಕು. ಇದೇನು ಪಾಠವೋ ಸಂತರ್ಪಣೆಯೋ ಎಂದು ಇನ್ಸ್‌ಪೆಕ್ಟರು ಕೇಳಿ ಹೋದರು. ತಿನ್ನುವ ಸಾಮಾನನ್ನು ಆಟಕ್ಕೆ ತರಬೇಡಿ. ತಂದರೆ ಮಕ್ಕಳನ್ನು ಬೈಯಬೇಡಿ, ತಿಂದದ್ದು ಅವುಗಳ ತಪ್ಪಲ್ಲ.

ಆಟದ ಜೀವ ಇದ್ದದ್ದು ಅದರ ಕೊನೆಯಲ್ಲಿ. ಜೊತೆ ಸಿಕ್ಕ ಇಬ್ಬರು ಮಕ್ಕಳೂ ಎರಡೂ ಕೈ ಹಿಡಿದುಕೊಂಡು ತೂಗಾಡಬೇಕು. ದಾರ ಅಂದಾಗ ಈ ಕಡೆ, ಹಾರ ಅಂದಾಗ ಆ ಕಡೆ. ಆಮೇಲೆ ಕೈ ಬಿಡದೆ ಹೊಂಗೆ ಮರ ಮುಟ್ಟಿ ಬರಬೇಕು. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಮಕ್ಕಳನ್ನು ನೋಡಿ ಕಲಿತದ್ದು. ಕೈ ಹಿಡಿದರೆ ಪದದ ಪೆಟ್ಟು ಒಂದು ಮಗುವಿನ ಮೈಯಿಂದ ಇನ್ನೊಂದರ ಮೈಗೆ ಹೋಗುತ್ತದೆ. ಬಾಯಿ ಬಿಡದ ಮಗುವೂ ಎದುರಿಗಿನ ಮಗು ಕೈ ಜಗ್ಗಿದ ಕಡೆ ಜಗ್ಗಿ, ಎರಡು ದಿನದಲ್ಲಿ ಬಾಯಿಯನ್ನೂ ಬಿಡುತ್ತದೆ. ಬರೀ ಬಾಯಿಪಾಠದಲ್ಲಿ ಒಂದು ತಿಂಗಳಿಗೆ ಬರದದ್ದು ಹೀಗೆ ಒಂದು ವಾರಕ್ಕೆ ಬರುತ್ತಿತ್ತು.

ಯುದ್ಧದ ಎರಡನೆಯ ವರ್ಷ ಕಾಳಮ್ಮ ಬಂದಳು. ಗುತ್ತಲಿನ ಆಚೆಯ ಕೇರಿಯವಳು, ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವಳು. ಆಗ ಅವರನ್ನು ಆದಿಕರ್ನಾಟಕದವರು ಎಂದು ದಾಖಲೆಯಲ್ಲಿ ಬರೆಯುತ್ತಿದ್ದರು, ಬೀದಿಯಲ್ಲಿ ಏನೆಂದು ಕರೆಯುತ್ತಿದ್ದರೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಸರ್ಕಾರದ ನೆರವು ಪಡೆಯುವ ಶಾಲೆ ಯಾವ ಜಾತಿಯ ಮಗುವನ್ನೂ ಹಿಂದಕ್ಕೆ ಕಳಿಸಕೂಡದು ಎಂಬ ನಿಯಮ ಅಷ್ಟು ಹೊತ್ತಿಗೆ ಇತ್ತು. ನಮ್ಮ ಸಂಘದವರು ಅದನ್ನು ಅಂದವಾದ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿದ್ದರು. ಯಾರೂ ಬಂದಿರಲಿಲ್ಲ, ಆದ್ದರಿಂದ ನಿಯಮಕ್ಕೆ ಯಾವ ತೊಂದರೆಯೂ ಆಗಿರಲಿಲ್ಲ. ಕಾಳಮ್ಮ ನಾಲ್ಕು ವರ್ಷದ ನಿಂಗಿಯನ್ನು ಕರೆದುಕೊಂಡು ಬಂದು ಅಂಗಳದಲ್ಲೇ ನಿಂತಳು. ಮಗಳಿಗೆ ನಾಲ್ಕಕ್ಷರ ಬರಲಿ, ಎಲ್ಲರ ಮಕ್ಕಳ ಹಾಗೆ ಕೂತು ಏಳುವುದು ಕಲಿಯಲಿ ಎಂದು ಕೇಳಿದಳು. ನಾನು ಹೆಸರು ಬರೆದುಕೊಂಡೆ.

ನಿಂಗಿಯ ಕಿವಿಯಂಥ ಕಿವಿಯನ್ನು ಮೂವತ್ತು ಚಿಲ್ಲರೆ ವರ್ಷದಲ್ಲಿ ನಾನು ಇನ್ನೊಂದು ನೋಡಲಿಲ್ಲ. ಕಳೆ ಕೀಳುವ ಹೆಂಗಸರ ಪದಗಳನ್ನು ಬದುವಿನ ಮೇಲೆ ಕೂತು ಕೇಳಿ ಬೆಳೆದ ಮಗು. ಬೇರೆ ಮಕ್ಕಳು ಒಂದು ಜೊತೆ ಹುಡುಕುವಷ್ಟರಲ್ಲಿ ಅದು ಬತ್ತಿ, ಕತ್ತಿ, ನೆತ್ತಿ, ಬುತ್ತಿ ಎಂದು ಸರ ಪೋಣಿಸುತ್ತಿತ್ತು. ಜೊತೆ ಸಿಗದೆ ನಿಂತ ಮಗುವಿಗೆ ತಾನೇ ಓಡಿ ಹೋಗಿ ಹುಡುಕಿಕೊಡುತ್ತಿತ್ತು. ಗುತ್ತಲಿನ ಪಟೇಲರ ಮೊಮ್ಮಗಳು ಶಾಂತ ಎಂಬ ಹುಡುಗಿ ಬಂದು ಆರು ತಿಂಗಳಾದರೂ ಶಾಲೆಯಲ್ಲಿ ಒಂದು ಮಾತು ಆಡಿರಲಿಲ್ಲ. ಒಂದು ದಿನ ಶಾಂತನ ಕೈಗೆ ಹತ್ತಿ ಬಂತು, ನಿಂಗಿಯ ಕೈಗೆ ಬತ್ತಿ. ನಿಂಗಿ ಅವಳ ಎರಡೂ ಕೈ ಹಿಡಿದು ತೂಗಿತು. ಶಾಂತ ಬಾಯಿ ಬಿಟ್ಟು ಹತ್ತಿ ಎಂದಳು. ಆಮೇಲೆ ನಿಲ್ಲಿಸಲೇ ಇಲ್ಲ. ಹೊಂಗೆ ಮರದವರೆಗೆ ಹೋಗಿ ಬಂದರು, ಮತ್ತೆ ಹೋದರು, ಶಾಲೆ ಬಿಡುವವರೆಗೂ ಕೈ ಬಿಡಲಿಲ್ಲ. ಆ ದಿನ ನನಗಾದ ಸಂತೋಷ ಆಮೇಲೆ ಯಾವ ಬಡ್ತಿಯಿಂದಲೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಶಾಂತನ ಅಜ್ಜಿ ಬಾಗಿಲಲ್ಲಿದ್ದರು. ಮಗು ಮನೆಗೆ ಹೋಗಿ ತನ್ನ ಗೆಳತಿಯ ಹೆಸರು ಹೇಳಿತ್ತು. ಶಾಲೆಯಲ್ಲಿ ಮೊದಲ ಸಲ ಬಾಯಿ ಬಿಟ್ಟ ಮಗು ಮನೆಯಲ್ಲಿ ಹೇಳಿದ ಮೊದಲ ಸುದ್ದಿ ಅದು.

"ಏನವ್ವ ಮೇಷ್ಟ್ರಮ್ಮ, ನಿನ್ನ ಆಟದ ದೆಸೆಯಿಂದ ಮೂರುಸಂಜೇಲಿ ನಾನು ಮಗೀಗೆ ತಲೆ ಮ್ಯಾಲೆ ನೀರು ಉಯ್ಯಂಗಾಯ್ತು. ಆಡ್ಸು, ಬ್ಯಾಡ ಅನ್ನಾಕಿಲ್ಲ. ಕೈ ಯಾಕೆ ಇಡ್ಕೋಬೇಕು? ನೀನೂ ನಮ್ಮೋಳೇ ಅಲ್ವಾ, ನಿಂಗೆ ತಿಳೀದಾ?"

ಮಗು ಮಾತಾಡಿದ್ದನ್ನು ಅವರಿಗೆ ಹೇಳಿದೆ. ಅದು ಯಾವತ್ತಾದರೂ ಮಾತಾಡುತ್ತಿತ್ತು ಬುಡು ಎಂದರು. ಹೋಗುವಾಗ, ಇನ್ನು ಹತ್ತು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ ಎಂದೂ ಹೇಳಿ ಹೋದರು. ಅವರ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಇದೆ. ಆದರೆ ಆ ಅಜ್ಜಿ ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹೇಳಿದರು. ಅದಕ್ಕಿಂತ ಕೆಟ್ಟದ್ದು ಸಂಜೆ ಕಾದಿತ್ತು.

ಸಂಘದ ಕಾರ್ಯದರ್ಶಿ ರುಕ್ಮಿಣಮ್ಮನವರು ವಕೀಲರ ಹೆಂಡತಿ, ಓದಿದವರು, ಪತ್ರಿಕೆ ತರಿಸುವವರು. ಅವರು ನನ್ನನ್ನು ಮನೆಗೆ ಕರೆಸಿ ಕಾಫಿ ಕೊಟ್ಟು ಕೂರಿಸಿದರು. ತಮಗೆ ಭೇದಭಾವ ಇಲ್ಲವೇ ಇಲ್ಲ ಎಂದರು. ನಿಂಗಿಯನ್ನು ಬಿಡಿಸುವ ಮಾತೇ ಇಲ್ಲ, ನಿಯಮ ನಿಯಮವೇ ಎಂದರು. ಆಟವನ್ನೂ ನಿಲ್ಲಿಸಬೇಕಾಗಿಲ್ಲ ಎಂದರು. ಹಾಗೆನ್ನುತ್ತಾ ಕಪಾಟಿನಿಂದ ಒಂದು ಬಟ್ಟೆಯ ತುಂಡು ತೆಗೆದು ಒಂದು ತುದಿಯನ್ನು ತಾವು ಹಿಡಿದು ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಮೊಳದುದ್ದದ ಬಿಳಿ ಬಟ್ಟೆ, ಸುತ್ತ ಕೆಂಪು ದಾರದ ಅಂಚು.

"ನೋಡಿ ಗೌರಮ್ಮ, ಕೈ ಬದಲು ಇದನ್ನು ಹಿಡಿಯಲಿ. ಎಲ್ಲಾ ಮಕ್ಕಳಿಗೂ ಕೊಡೋಣ. ಎಲ್ಲರಿಗೂ ಒಂದೇ ನಿಯಮ ಅಂದಮೇಲೆ ಯಾರಿಗೂ ಅವಮಾನವಿಲ್ಲ ಅಲ್ಲವೇ?"

ನಾನು ಏನು ಮಾಡಿದೆ ಎಂದು ಕೇಳಿ. ನನಗೆ ಸಮಾಧಾನವಾಯಿತು. ನಿಂಗಿ ಉಳಿಯುತ್ತದೆ, ಆಟ ಉಳಿಯುತ್ತದೆ, ಪಟೇಲರ ಮನೆಯವರೂ ಉಳಿಯುತ್ತಾರೆ, ಎಷ್ಟು ಜಾಣ ಹೆಂಗಸು ಎಂದು ಮನಸ್ಸಿನಲ್ಲಿ ಮೆಚ್ಚಿಕೊಂಡು ಬಂದೆ. ಇಪ್ಪತ್ತು ದಾಟಿದ್ದ, ತರಬೇತಿಯ ಸರ್ಟಿಫಿಕೇಟು ಇದ್ದ ನನಗೆ ಆ ಬಟ್ಟೆ ಏನೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಹೊಳೆದದ್ದನ್ನು ಆ ಕಾಫಿಯ ಜೊತೆಗೇ ನುಂಗಿಕೊಂಡೆ.

ಸಂಘದ ಹೆಂಗಸರು ಕೂತು ಹದಿನೈದು ಬಟ್ಟೆ ಹೊಲಿದರು. ಆಟ ಶುರುವಾಯಿತು. ಬಟ್ಟೆ ಸಿಕ್ಕಿದ ಮಕ್ಕಳು ಏನು ಮಾಡುತ್ತವೆ? ಜಗ್ಗಾಡುತ್ತವೆ. ಕಲ್ಲೂ ಹೋಯಿತು, ಹುಲ್ಲೂ ಹೋಯಿತು, ಅಂಗಳವೆಲ್ಲ ಹಗ್ಗಜಗ್ಗಾಟ. ಪದದ ಪೆಟ್ಟು ಬಟ್ಟೆಯಲ್ಲಿ ಹೋಗುವುದಿಲ್ಲ, ಅರ್ಧ ದಾರಿಯಲ್ಲೇ ಸತ್ತುಹೋಗುತ್ತದೆ. ಶಾಂತ ಎರಡು ದಿನ ಬಟ್ಟೆಯನ್ನು ಬಿಸಾಕಿ ನಿಂಗಿಯ ಕೈ ಹಿಡಿಯಲು ಹೋದಳು. ಎರಡು ಸಲವೂ ಬಿಡಿಸಿದವಳು ನಾನು. ಮೂರನೆಯ ದಿನ ಅವಳು ಬಟ್ಟೆಯನ್ನೇ ಹಿಡಿದಳು. ಹತ್ತಿ ಎಂದು ಮಾತ್ರ ಹೇಳಲಿಲ್ಲ. ನಿಂಗಿ ಏನೂ ತಕರಾರು ಮಾಡಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮಗು ಅದು. ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಸಡಿಲವಾಗದಂತೆ ಅಷ್ಟು ದೂರಕ್ಕೇ ನಿಂತು, ಎಲ್ಲರಿಗೂ ಹೀಗೆ ಹಿಡಿಯಬೇಕು ಎಂದು ತೋರಿಸಿಕೊಡುತ್ತಿತ್ತು.

ಒಂದು ಮಧ್ಯಾಹ್ನ ಮಗಳನ್ನು ಕರೆದೊಯ್ಯಲು ಬೇಗ ಬಂದ ಕಾಳಮ್ಮ ಬೇಲಿಯ ಹೊರಗೆ ನಿಂತು ಆಟ ನೋಡಿದಳು. ಮಕ್ಕಳೆಲ್ಲ ಹೋದ ಮೇಲೆ ಅಂಗಳಕ್ಕೆ ಬಂದಳು. ಜೋರು ಮಾಡಲಿಲ್ಲ.

"ದೂರ ನಿಂತ್ಕೊಳೋದ ನಾನೇ ಕಲ್ಸಿವ್ನಿ ಅಮ್ಮಾರೆ. ನಮ್ಮವ್ವ ನಂಗೆ ಕಲ್ಸಿದ್ಲು, ನಾನು ಇವ್ಳಿಗೆ ಕಲ್ಸಿವ್ನಿ. ಅದಕ್ಕೆ ಇಸ್ಕೂಲು ಯಾಕೆ?"

ಎಲ್ಲ ಮಕ್ಕಳಿಗೂ ಬಟ್ಟೆ ಕೊಟ್ಟಿದ್ದೇವೆ, ನಿಂಗಿಗೆ ಮಾತ್ರವಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು. ನಿಂಗಿ ಬರುವುದಕ್ಕೆ ಮುಂಚೆಯೂ ಕೊಟ್ಟಿದ್ದರಾ ಎಂದು ಕೇಳಿದಳು. ನಾಲ್ಕು ದಿನ ತಾಳಿಕೋ, ಎಲ್ಲ ಸರಿಯಾಗುತ್ತದೆ ಎಂದೆ. ಆ ನಾಲ್ಕು ದಿನ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಮುಂದೆ ಓದಿ.

ಆ ವರ್ಷವೇ, ಹಿಂದೆ ಹಣ್ಣಿನ ದಿನ ಬಂದಿದ್ದ ಇನ್ಸ್‌ಪೆಕ್ಟರು ಮತ್ತೆ ಬಂದರು. ಹದಿನೈದು ಬಿಳಿ ಬಟ್ಟೆಗಳು ಕೆಂಪು ಅಂಚಿನೊಡನೆ ಬಿಸಿಲಲ್ಲಿ ಆಡುವುದನ್ನು ನೋಡಿ ಕುರ್ಚಿ ತರಿಸಿಕೊಂಡು ಕೂತರು. ಎಷ್ಟು ಚಂದ, ಎಷ್ಟು ಶಿಸ್ತು ಎಂದರು. ಮಕ್ಕಳ ಕೈ ಬೆವರು ಒಬ್ಬರಿಂದೊಬ್ಬರಿಗೆ ಹತ್ತುವುದಿಲ್ಲ, ಆರೋಗ್ಯಕ್ಕೂ ಒಳ್ಳೆಯದು ಎಂದು ಕಾರಣವನ್ನೂ ತಾವೇ ಕಂಡುಹಿಡಿದರು. ಇದು ಯಾರ ಯೋಚನೆ ಎಂದು ಕೇಳಿದಾಗ ರುಕ್ಮಿಣಮ್ಮನವರು ನನ್ನ ಬೆನ್ನ ಮೇಲೆ ಕೈಯಿಟ್ಟು, ನಮ್ಮ ಉಪಾಧ್ಯಾಯಿನಿಯದು ಎಂದರು. ಅದು ಅವರ ದೊಡ್ಡ ಮನಸ್ಸೋ ಜಾಣತನವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ತಲೆ ಬಗ್ಗಿಸಿ ನಿಂತಿದ್ದೆ. ಅದನ್ನು ಇನ್ಸ್‌ಪೆಕ್ಟರು ವಿನಯ ಎಂದುಕೊಂಡರು. ಭೇಟಿಯ ಪುಸ್ತಕದಲ್ಲಿ ವಸ್ತ್ರಪದ್ಧತಿ ಎಂಬ ಹೆಸರಿಟ್ಟು ಒಂದು ಪುಟ ಬರೆದು, ಅದನ್ನು ಜಿಲ್ಲೆಯ ಬೇರೆ ಶಾಲೆಗಳಿಗೂ ತೋರಿಸಿಕೊಡಬೇಕೆಂದು ಸೂಚಿಸಿದರು.

ಹೀಗೆ ನಾನು ಮದ್ದೂರಿಗೆ ಹೋದೆ. ರೈಲಿನಲ್ಲಿ, ತೊಡೆಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು. ಅಲ್ಲಿನ ಶಿಶುವರ್ಗದ ಮಕ್ಕಳೆಲ್ಲ ಒಂದೇ ಬೀದಿಯವು, ಒಂದೇ ಕುಲದವು, ಕೈ ಕೈ ಹಿಡಿದು ವೃತ್ತ ಕಟ್ಟಿ ಕುಣಿಯುತ್ತಿದ್ದವು. ಅಲ್ಲಿದ್ದ ವಯಸ್ಸಾದ ಮೇಷ್ಟ್ರು ಮರಿಯಪ್ಪನವರು ನನ್ನ ಗಂಟು ಬಿಚ್ಚಿದ್ದನ್ನು ನೋಡಿ, ಯಾಕಮ್ಮ, ನಮ್ಮ ಮಕ್ಕಳಿಗೆ ಕೈ ಇಲ್ಲವಾ ಎಂದು ಕೇಳಿದರು. ನಾನು ಬೆವರಿನ ಪಾಠ ಒಪ್ಪಿಸಿದೆ. ಅವರು ನಂಬಿದರು. ಮೇಲಿನವರು ಕಳಿಸಿದ್ದಾರೆ ಎಂದಮೇಲೆ ನಂಬಲೇಬೇಕಲ್ಲ. ನನ್ನ ಕಣ್ಣೆದುರಿಗೇ ಇಪ್ಪತ್ತು ಜೊತೆ ಕೈಗಳನ್ನು ಬಿಡಿಸಿ ಬಟ್ಟೆ ಹಿಡಿಸಿದರು. ಪಟೇಲರ ಮನೆಯ ಅಜ್ಜಿ ಮಂಡ್ಯದಲ್ಲಿ ಒಂದು ಜೊತೆ ಕೈಯನ್ನು ಮಾತ್ರ ಬಿಡಿಸಲು ಬಂದಿದ್ದರು. ನಾನು ಅವರನ್ನೂ ಮೀರಿಸಿದೆ.

ಮಳವಳ್ಳಿಗೆ ಹೋದದ್ದು ಪೆಟ್ರೋಲು ಸಿಗದ ಆ ಕಾಲದ ಇದ್ದಲು ಗ್ಯಾಸಿನ ಬಸ್ಸಿನಲ್ಲಿ, ಏರು ಬಂದಾಗಲೆಲ್ಲ ಇಳಿದು ನಡೆಯುತ್ತಾ. ಅಲ್ಲಿ ಪದ್ಧತಿ ನನಗಿಂತ ಮುಂಚೆಯೇ ಕಾಗದದಲ್ಲಿ ಹೋಗಿ ತಲುಪಿತ್ತು. ಬಟ್ಟೆಯ ಉದ್ದ ಎಷ್ಟು, ಅಂಚಿನ ಬಣ್ಣ ಯಾವುದು, ಎಷ್ಟು ದಿನಕ್ಕೊಮ್ಮೆ ಒಗೆಸಬೇಕು ಎಂಬುದೆಲ್ಲ ಆದೇಶದಲ್ಲಿತ್ತು. ಪ್ರಾಸಪದದ ಬಗ್ಗೆ ಅದರಲ್ಲಿ ಒಂದು ಸಾಲಿತ್ತು. ಯುದ್ಧ ಬಲಿತು ಬಟ್ಟೆಗೆ ಕಂಟ್ರೋಲು ಬಂದಾಗ ಮೈಮುಚ್ಚಲೇ ಬಟ್ಟೆಯಿಲ್ಲ, ಆಟಕ್ಕೆ ಎಲ್ಲಿಂದ ತರುವುದು? ಬಟ್ಟೆ ಹಿಡಿಸದೆ ಆಡಿಸಿದ ಒಬ್ಬ ಎಳೆಯ ಉಪಾಧ್ಯಾಯಿನಿಗೆ ವಿವರಣೆ ಕೇಳಿ ಮೆಮೊ ಬಂತು. ಉಳಿದವರು ಜಾಣರಾಗಿ ಆಟವನ್ನೇ ನಿಲ್ಲಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸಲು ಕೂತರು. ಕೈಗಳಿಗೇನು ಬರ ಬಂದಿತ್ತು ಹೇಳಿ. ಒಂದೊಂದು ಮಗುವಿಗೂ ಎರಡೆರಡಿದ್ದವು.

ಅಷ್ಟು ಹೊತ್ತಿಗೆ ನಿಂಗಿ ನಮ್ಮಲ್ಲಿರಲಿಲ್ಲ. ಒಂದೂವರೆ ವರ್ಷ ಒಂದು ದಿನವೂ ತಪ್ಪಿಸದೆ ಬಂದಿತ್ತು. ಆಮೇಲೆ ಅವಳ ಅಪ್ಪನಿಗೆ ಬೆಳಕವಾಡಿಯ ಕಡೆ ಗದ್ದೆ ಕೆಲಸ ಸಿಕ್ಕಿ ಎಲ್ಲರೂ ಹೊರಟುಹೋದರು. ಹೋಗುವುದನ್ನು ಕಾಳಮ್ಮ ನನಗೆ ಹೇಳಲಿಲ್ಲ. ಒಂದು ಸೋಮವಾರ ಹಾಜರಿ ಕೂಗಿದಾಗ ಉತ್ತರ ಬರಲಿಲ್ಲ, ಅಷ್ಟೆ. ಆ ದಿನ ನನ್ನ ಮನಸ್ಸಿಗೆ ಬಂದ ಮೊದಲ ಮಾತನ್ನೂ ಬರೆದುಬಿಡುತ್ತೇನೆ. ಇನ್ನು ಬಟ್ಟೆ ಬೇಕಾಗಿಲ್ಲ ಎಂದುಕೊಂಡೆ. ರುಕ್ಮಿಣಮ್ಮನವರನ್ನು ಕೇಳಿದೆ. ಈಗ ಅದು ಇಲಾಖೆಯ ಪದ್ಧತಿ, ನಾವು ಬಿಡಲು ಬರುವುದಿಲ್ಲ ಎಂದರು. ಯಾವ ಮಗುವಿಗಾಗಿ ಬಂತೋ ಆ ಮಗು ಹೋಯಿತು, ಬಟ್ಟೆ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ನಾನು ಮೇಲಿನ ಕಚೇರಿಗೆ ಒಂದು ಕಾಗದ ಬರೆದೆ. ಈ ಪದ್ಧತಿ ನನ್ನದಲ್ಲ, ಇದು ಬೆವರಿಗಾಗಿ ಬಂದದ್ದೂ ಅಲ್ಲ, ಒಂದು ಮಗುವನ್ನು ಮುಟ್ಟಬಾರದೆಂದು ಬಂದದ್ದು ಎಂದು ಹೆಸರು ಮರೆಸದೆ ಬರೆದೆ. ಮೂರು ತಿಂಗಳ ಮೇಲೆ ಉತ್ತರ ಬಂತು. ಸದರಿ ಪದ್ಧತಿಯ ಬಗ್ಗೆ ಯಾವ ಶಾಲೆಯಿಂದಲೂ ದೂರು ಬಂದಿಲ್ಲವಾದ್ದರಿಂದ ಬದಲಾವಣೆ ಅವಶ್ಯವಿಲ್ಲವಂತೆ. ನಾನು ನಿವೃತ್ತಳಾಗುವ ವರ್ಷದ ಕೈಪಿಡಿಯಲ್ಲೂ ಅದು ಇತ್ತು, ಶುಚಿತ್ವ ಎಂಬ ತಲೆಬರಹದ ಕೆಳಗೆ. ನಿಮ್ಮ ಕೈಗೆ ಕೊಟ್ಟಿರುವ ಕೈಪಿಡಿಯನ್ನು ಒಮ್ಮೆ ತೆಗೆದು ನೋಡಿ.

ಆರು ವರ್ಷ ಸುಮ್ಮನಿದ್ದವಳು ಆ ಕಾಗದ ಬರೆದದ್ದು ಯಾಕೆ ಎಂದು ನೀವು ಕೇಳಬಹುದು. ಧೈರ್ಯ ಬಂದದ್ದರಿಂದಲ್ಲ. ಸ್ವಾತಂತ್ರ್ಯದ ಆ ವರ್ಷ ಇಲಾಖೆಯವರು ನನ್ನನ್ನು ಬೆಳಕವಾಡಿಯಲ್ಲಿ ಹೊಸ ಶಿಶುವರ್ಗ ತೆರೆಯಲು ಕಳಿಸಿದರು. ಶಾಲೆಯ ಮುಂದೆ ಮಾವಿನ ಎಲೆಯ ತೋರಣ ಕಟ್ಟಿತ್ತು. ಎಲ್ಲರೂ ಒಂದೇ, ಇನ್ನು ಮೇಲು ಕೀಳು ಇಲ್ಲ ಎಂದು ಯಾರೋ ದೊಡ್ಡವರು ಭಾಷಣ ಮಾಡಿ ಹೋಗಿದ್ದರು. ಮೊದಲ ದಿನ ಹೆಸರು ಬರೆದುಕೊಳ್ಳುತ್ತಾ ಕೂತಿದ್ದಾಗ ಹತ್ತು ವರ್ಷದ ಒಬ್ಬ ಹುಡುಗಿ ನಾಲ್ಕು ವರ್ಷದ ತಂಗಿಯನ್ನು ಕರೆದುಕೊಂಡು ಬಂದು ಮೆಟ್ಟಿಲಿನ ಕೆಳಗೆ ನಿಂತಳು. ಅವಳೇ ಮೊದಲು ನನ್ನನ್ನು ಗುರುತು ಹಿಡಿದಳು. ನಗುತ್ತಾ ಬತ್ತಿ, ಕತ್ತಿ, ನೆತ್ತಿ, ಬುತ್ತಿ ಎಂದಳು.

ಕುರ್ಚಿ ಬಿಟ್ಟು ಎದ್ದು ಹೋದೆ. ಎಷ್ಟು ದೊಡ್ಡವಳಾಗಿದ್ದಾಳೆ, ಅವ್ವ ಹೇಗಿದ್ದಾಳೆ, ಯಾವ ತರಗತಿ ಎಂದೆಲ್ಲ ಕೇಳಿದೆ. ಶಾಲೆಗೆ ಹೋಗುತ್ತಿಲ್ಲ, ಅವ್ವನ ಜೊತೆ ಗದ್ದೆಗೆ ಹೋಗುತ್ತೇನೆ ಎಂದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬಾ ನಿಂಗಿ, ಮೇಲೆ ಬಾ ಎಂದು ಕೈ ಚಾಚಿದೆ.

ಅವಳು ನನ್ನ ಕೈ ನೋಡಿದಳು. ಆಮೇಲೆ ಹೆಗಲ ಮೇಲಿದ್ದ ಹಳೆಯ ಪಂಚೆಯ ತುಂಡನ್ನು ತೆಗೆದು, ಒಂದು ತುದಿಯನ್ನು ಎರಡು ಬೆರಳಲ್ಲಿ ತಾನು ಹಿಡಿದು, ಇನ್ನೊಂದು ತುದಿಯನ್ನು ನನ್ನ ಕಡೆಗೆ ನೀಡಿದಳು.

"ಇಡ್ಕೊಳ್ಳಿ ಅಮ್ಮಾರೆ. ನೀವು ಇಂಗೇ ಅಲ್ವಾ ಯೋಳ್ಕೊಟ್ಟಿದ್ದು."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಮೇಷ್ಟ್ರಮ್ಮ ಕಲಿಸಿದ್ದನ್ನು ಮರೆತಿಲ್ಲ ಎಂದು ತೋರಿಸಿ ಮೆಚ್ಚುಗೆಗೆ ಕಾಯುತ್ತಿದ್ದಳು. ನಾನು ಬಟ್ಟೆಯನ್ನು ಸರಿಸಿ ಅವಳ ಕೈಯನ್ನೇ ಹಿಡಿದೆ. ಅವಳು ತಟ್ಟನೆ ಬಿಡಿಸಿಕೊಂಡು, ಯಾರಾದರೂ ನೋಡಿದರಾ ಎಂದು ಹಿಂದೆ ತಿರುಗಿ ನೋಡಿದಳು.

ತಂಗಿಗೆ ಇನ್ನೂ ಯಾವ ಪದ್ಧತಿಯೂ ಗೊತ್ತಿರಲಿಲ್ಲ. ಅದು ಮೆಟ್ಟಿಲು ಹತ್ತಿ ಬಂದು ನನ್ನ ಕಿರುಬೆರಳು ಹಿಡಿದುಕೊಂಡು ನಿಂತಿತು.